ನಮ್ಮ ವಿಶ್ವಾಸ ಯಾರಲ್ಲಿ?

“ನಂಬಿಕೆಯೊಂದಿದ್ದರೆ ಸಾಕು, ಎಲ್ಲವೂ ಸರಿಹೋಗುತ್ತದೆ” ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ, ಆಡುತ್ತೇವೆ ಕೂಡ. ರೋಗಿಯ ಹಾಸಿಗೆಯ ಬಳಿ, ಮಕ್ಕಳ ಪರೀಕ್ಷೆಯ ಹಿಂದಿನ ದಿನ, ಮಳೆ ಕೈಕೊಟ್ಟ ವರ್ಷ ಹೊಲದ ಬದುವಿನಲ್ಲಿ ಇದು ಸಾಂತ್ವನದ ಮಾತೇ ಸರಿ. ಆದರೆ ಇದರ ಬೆನ್ನಿಗೇ ಕ್ರೂರವಾದ ಇನ್ನೊಂದು ಮಾತು ಬರುತ್ತದೆ. ರೋಗ ವಾಸಿಯಾಗದಿದ್ದಾಗ “ನಿಮ್ಮ ನಂಬಿಕೆ ಸಾಲದಾಯಿತು” ಎನ್ನುವವರಿದ್ದಾರೆ. ಮಗುವನ್ನು ಕಳೆದುಕೊಂಡ ತಾಯಿಯು ದುಃಖದೊಡನೆ ಅಪರಾಧದ ಹೊರೆಯನ್ನೂ ಹೊರಬೇಕಾಗುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹವು ನಮ್ಮ ರಾಮದುರ್ಗ ತಾಲೂಕಿನ ನದಿತೀರದ ಮನೆಗಳನ್ನು ಹೊಕ್ಕಿತು. ಗೋಡೆ ಉಳಿದವರ ಪ್ರಾರ್ಥನೆ ಪ್ರಬಲ, ಗೋಡೆ ಕುಸಿದವರ ಪ್ರಾರ್ಥನೆ ದುರ್ಬಲ ಎನ್ನಲು ಯಾರಿಗೆ ಬಾಯಿ ಬಂದೀತು?

ಹಗ್ಗ ಎಷ್ಟೇ ಹೊಸದಾಗಿರಲಿ, ಗೂಟ ಸಡಿಲವಾಗಿದ್ದರೆ ಎತ್ತು ನಿಲ್ಲದು. ಇದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ವಿಶ್ವಾಸವೂ ಹಗ್ಗದಂತೆಯೇ, ಅದರ ಬಲಕ್ಕಿಂತ ಅದನ್ನು ಯಾವುದಕ್ಕೆ ಕಟ್ಟಿದ್ದೇವೆಂಬುದೇ ಮುಖ್ಯ. ವಿಶ್ವಾಸಿಯ ಮನಸ್ಸು ವಿಶ್ವಾಸಸೂತ್ರದ ಪದಗಳಲ್ಲಿ ನಿಲ್ಲದೆ, ಆ ಪದಗಳು ತೋರುವ ಸತ್ಯವಸ್ತುವಿನಲ್ಲಿ ನೆಲೆಗೊಳ್ಳುತ್ತದೆಂದು 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಆ ಸತ್ಯವಸ್ತು ದೇವರೇ.

ಮಾರ್ಕನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ, ಪೀಡಿತನಾದ ಮಗನನ್ನು ಕರೆತಂದ ತಂದೆಯೊಬ್ಬನು ತನ್ನ ವಿಶ್ವಾಸದ ಕೊರತೆಯನ್ನು ಬಿಚ್ಚುಮನಸ್ಸಿನಿಂದ ಹೇಳಿಕೊಳ್ಳುತ್ತಾನೆ. ಪ್ರಭುವು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಗೆತ್ಸೆಮನಿಯಲ್ಲಾದರೋ ಸ್ವತಃ ಯೇಸುಕ್ರಿಸ್ತರು ಪ್ರಾರ್ಥಿಸಿದರೂ ಕಷ್ಟದ ಪಾತ್ರೆ ದೂರವಾಗಲಿಲ್ಲ. ಅವರ ವಿಶ್ವಾಸ ಸಾಲದಾಯಿತೆನ್ನೋಣವೇ? ಬೇಡಿದ್ದು ದೊರೆಯದ ಆ ರಾತ್ರಿಯಲ್ಲೂ ಅವರು ಬೇಡಿದ್ದು ತಂದೆಯನ್ನು. ತಮ್ಮನ್ನು ಒಪ್ಪಿಸಿಕೊಟ್ಟದ್ದೂ ಆ ತಂದೆಗೇ.

ಈ ತಂದೆಯನ್ನು ಮರೆತಾಗ ಪ್ರಾರ್ಥನೆ ವ್ಯಾಪಾರವಾಗುತ್ತದೆ. ಒಂಬತ್ತು ದಿನಗಳ ನೊವೇನಾ ಮುಗಿದರೂ ನೌಕರಿ ಸಿಗಲಿಲ್ಲವೆಂದು ಜಪಸರವನ್ನು ಮೂಲೆಗಿಡುತ್ತೇವೆ. ಬೇರೊಬ್ಬ ಸಂತರನ್ನು ಅರಸುತ್ತೇವೆ. ಸಂತರ ಗೌರವ ನಮಗೆ ಪ್ರಿಯವೇ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಪವಿತ್ರ ಶರೀರದ ದರ್ಶನ ನಡೆಯಿತು. ಆ ಸಂತರು ಜೀವಮಾನವಿಡೀ ಜನರನ್ನು ಕರೆದೊಯ್ದದ್ದು ಕ್ರಿಸ್ತರೆಡೆಗೆ. ಪ್ರತಿಮೆಗೆ ಸಲ್ಲಿಸಿದ ಗೌರವ ಅದು ಪ್ರತಿನಿಧಿಸುವ ವ್ಯಕ್ತಿಗೆ ಸಲ್ಲುತ್ತದೆಂದು 787ರಲ್ಲಿಯೇ ಎರಡನೆಯ ನೈಸಿಯಾ ಮಹಾಸಭೆ ಸಾರಿತು. ಮಾತೆ ಮರಿಯಮ್ಮನವರಲ್ಲಿಯೂ ನಾವು ಬೇಡುವುದು, ನಮಗಾಗಿ ಪ್ರಾರ್ಥಿಸಿರೆಂದೇ. ಬಲಿಪೂಜೆಯಲ್ಲಿ ಧರ್ಮಸಭೆಯ ಪ್ರಾರ್ಥನೆಯು ಪವಿತ್ರಾತ್ಮರಲ್ಲಿ, ಕ್ರಿಸ್ತರ ಮೂಲಕ, ಪಿತನಿಗೆ ಸಲ್ಲುತ್ತದೆ.

ನೆರೆಯವರ ಭಕ್ತಿಯನ್ನು ತೂಗುವುದು ನಮ್ಮ ಕೆಲಸವಲ್ಲ. ನಮ್ಮ ಮನೆಯ ಸಂಜೆಯ ಪ್ರಾರ್ಥನೆಯನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಬೇಡಿಕೆಗಳನ್ನು ಹೇಳುವ ಮೊದಲು, ಯಾರ ಮುಂದೆ ಕುಳಿತಿದ್ದೇವೆಂದು ಕ್ಷಣಕಾಲ ಮೌನವಾಗಿ ನೆನೆಯೋಣ. ದುಃಖದ ಮನೆಗೆ ಹೋದಾಗ ಅವರ ನಂಬಿಕೆಯನ್ನು ಅಳೆಯದೆ, ಅವರ ಪಕ್ಕದಲ್ಲಿ ಕುಳಿತು ಅವರಿಗಾಗಿ ಪ್ರಾರ್ಥಿಸೋಣ. ನಮ್ಮ ಹಿಡಿತ ಸಡಿಲವಾದರೂ ಆತನ ಹಿಡಿತ ಸಡಿಲವಾಗದು.