ಮರಗೆಲಸದ ಹವ್ಯಾಸ: ಆನಂದ ಯಾರಿಗೆ, ಧೂಳು ಯಾರಿಗೆ?

ಮಹಾನಗರದಲ್ಲಿ ನೆಲಸಿ, ಮೂವತ್ತು ಮೂವತ್ತೈದು ವರ್ಷಗಳನ್ನು ಕಚೇರಿಯ ಕುರ್ಚಿಯಲ್ಲಿ ಸವೆಸಿದ ನಮ್ಮಂಥವರಿಗೆ ನಿವೃತ್ತಿಯ ಹೊಸ್ತಿಲಲ್ಲಿ ದೊರೆಯುವ ಉಪದೇಶ ಸಾಮಾನ್ಯವಾಗಿ ಒಂದೇ: “ಯಾವುದಾದರೊಂದು ಹವ್ಯಾಸ ಬೆಳೆಸಿಕೊಳ್ಳಿ, ಆರೋಗ್ಯಕ್ಕೆ ಒಳ್ಳೆಯದು.” ಕೆಲವರು ಭಜನೆಗೆ ಹೋಗುತ್ತಾರೆ, ಕೆಲವರು ಕುಂಡಗಳಲ್ಲಿ ಗಿಡ ಬೆಳೆಸುತ್ತಾರೆ, ಕೆಲವರು ಇಸ್ಪೀಟಿಗೆ ಶರಣಾಗುತ್ತಾರೆ. ನಾನು ಆರಿಸಿಕೊಂಡದ್ದು ಮರಗೆಲಸ. ಊರಿನ ಮನೆಯಲ್ಲಿ ಊಟಕ್ಕೆ ಕುಳಿತುಕೊಳ್ಳುತ್ತಿದ್ದ ಹಲಸಿನ ಮಣೆಯ ನೆನಪೇ ಅದಕ್ಕೆ ಕಾರಣವಿದ್ದೀತು.

ಏಳು ವರ್ಷಗಳ ಅನುಭವದ ನಂತರ ನನಗನ್ನಿಸಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹವ್ಯಾಸದ ಕಿರಿಕಿರಿಗಳು ಎರಡು ಬಗೆಯವು. ಮರ ಮತ್ತು ಆಯುಧಗಳು ನಮಗೆ ಕೊಡುವ ಕಿರಿಕಿರಿ ಒಂದು. ನಾವು ಮನೆಮಂದಿಗೂ ನೆರೆಹೊರೆಗೂ ಕೊಡುವ ಕಿರಿಕಿರಿ ಇನ್ನೊಂದು. ಮೊದಲನೆಯದು ನಮಗೆ ಪಾಠ ಕಲಿಸುತ್ತದೆ, ಅದನ್ನು ಸಹಿಸಬೇಕು. ಎರಡನೆಯದು ಸಹಿಸತಕ್ಕದ್ದಲ್ಲ. ಆದರೆ ನಾವು ಮೊದಲನೆಯದನ್ನು ಕುರಿತು ದಿನವೂ ಗೊಣಗುತ್ತೇವೆ, ಎರಡನೆಯದನ್ನು ಕುರಿತು ಬಾಯಿ ಬಿಡುವುದಿಲ್ಲ.

ಮೊದಲು ಮರದ ಮಾತು. ನಾನು ಮಾಡಿದ ಮೊದಲ ಗಣ್ಯ ವಸ್ತು ಎರಡು ಡ್ರಾಯರುಗಳುಳ್ಳ ಪುಟ್ಟ ಮೇಜು. ಜನವರಿಯಲ್ಲಿ ಅವು ಬೆಣ್ಣೆಯಿಂದ ಕೂದಲೆಳೆದಂತೆ ಈಚೆಗೆ ಬರುತ್ತಿದ್ದುವು. ಮುಂಬಯಿಯ ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಒಂದು ಡ್ರಾಯರು ವಿದ್ಯುತ್ ಬಿಲ್ಲನ್ನೂ ನನ್ನ ಕನ್ನಡಕವನ್ನೂ ಒಳಗಿರಿಸಿಕೊಂಡು ಬಾಗಿಲು ಹಾಕಿಕೊಂಡಿತು. ಬಲವಂತವಾಗಿ ಎಳೆದು, ಹತ್ತರಿಯಿಂದ — ಇಲ್ಲಿನ ಬಡಗಿಗಳ ಮಾತಿನಲ್ಲಿ ರಂಧಾದಿಂದ — ಕೆತ್ತಿ ಸರಿಪಡಿಸಿದೆ. ಡಿಸೆಂಬರಿನಲ್ಲಿ ಅದೇ ಡ್ರಾಯರು ಸಡಿಲಗೊಂಡು ಗಡಗಡ ಎನ್ನತೊಡಗಿತು.

ತಪ್ಪು ಮರದ್ದಲ್ಲ. ಕಡಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಎಳೆಯ ಉದ್ದಕ್ಕೆ ಅದು ಬಹುತೇಕ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಗಲದಲ್ಲಿ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಸ್ಥಿರವಾದ ಮರವೆಂದು ಹೆಸರಾದ ತೇಗದಲ್ಲಿಯೂ ಒಂದಡಿ ಅಗಲದ ಹಲಗೆ ಒಣ ದಿನಗಳಿಗೂ ಮಳೆಗಾಲಕ್ಕೂ ನಡುವೆ ಎರಡು ಮೂರು ಮಿಲಿಮೀಟರು ಕದಲಬಲ್ಲುದು. ಇದನ್ನು ನಮ್ಮ ಹಿಂದಿನ ಬಡಗಿಗಳು ಪುಸ್ತಕ ಓದದೆಯೇ ಬಲ್ಲವರಾಗಿದ್ದರು. ಊರಿನ ಹಳೆಯ ಬಾಗಿಲುಗಳನ್ನು ನೋಡಿ: ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಿರುತ್ತಾರೆ. ಹಲಗೆ ಉಸಿರಾಡಲೆಂದೇ ಅಲ್ಲಿ ಜಾಗ ಬಿಟ್ಟಿರುವುದು. ನಾನು ಜಾಗ ಬಿಡಲಿಲ್ಲ, ಮರ ತಾನೇ ಜಾಗ ಮಾಡಿಕೊಂಡಿತು.

ಎರಡನೆಯ ನಿರಾಶೆ ಆಯುಧದ್ದು. ಗರಗಸ ಗೆರೆ ಬಿಟ್ಟು ಓಡುತ್ತದೆ, ಉಳಿ ಮರವನ್ನು ಕತ್ತರಿಸುವ ಬದಲು ಜಜ್ಜುತ್ತದೆ. ನಮ್ಮ ಕಟ್ಟಡಕ್ಕೆ ಕೆಲಸಕ್ಕೆ ಬಂದಿದ್ದ ರಾಜಸ್ಥಾನದ ಹಿರಿಯ ಬಡಗಿಯೊಬ್ಬರಿಗೆ ನನ್ನ ಕೈ ಸರಿಯಿಲ್ಲವೆಂದು ಹೇಳಿಕೊಂಡೆ. ಅವರು ನನ್ನ ಉಳಿಯ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, “ಸಾಹೇಬರೇ, ಕೈಯನ್ನು ಯಾಕೆ ಬೈಯುತ್ತೀರಿ? ಇದಕ್ಕೆ ಹಲ್ಲೇ ಇಲ್ಲವಲ್ಲ!” ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ನಮ್ಮಲ್ಲಿ ಪ್ರಸಿದ್ಧ; ನನ್ನ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು. ಅಂಗಡಿಯಿಂದ ಬಂದ ಹೊಸ ಉಳಿಯೂ ಹರಿತವಾಗಿರುವುದಿಲ್ಲ. ಅದರ ಬೆನ್ನನ್ನು ಸಾಣೆಕಲ್ಲಿನ ಮೇಲೆ ಸಮತಟ್ಟಾಗಿ ಉಜ್ಜಿ, ಬಾಯಿಯನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಮಸೆಯಬೇಕು. ಇದು ಆರೋಗ್ಯದ ಮಾತೂ ಹೌದು. ಮೊಂಡು ಉಳಿಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಉಳಿ ಜಾರುತ್ತದೆ. ಜಾರಿದ ಉಳಿ ಎಡಗೈಯನ್ನು ಹುಡುಕಿಕೊಂಡು ಬರುತ್ತದೆ. ನನ್ನ ಎಡ ತೋರುಬೆರಳಿನ ಮೂರು ಹೊಲಿಗೆಗಳೇ ಇದಕ್ಕೆ ಸಾಕ್ಷಿ.

ಅಳತೆಯ ಗೊಂದಲ, ಮರದ ದುಬಾರಿ ಬೆಲೆ ಇವೆಲ್ಲ ಇದ್ದದ್ದೇ. ಮರದ ವ್ಯಾಪಾರಿ ಘನ ಅಡಿಯಲ್ಲಿ ಮಾತನಾಡುತ್ತಾನೆ, ಪ್ಲೈವುಡ್ಡಿನವನು ಮಿಲಿಮೀಟರಿನಲ್ಲಿ, ಬಡಗಿ ಅಂಗುಲದ ಎಂಟನೆಯ ಒಂದು ಭಾಗವಾದ ‘ಸೂತ್’ನಲ್ಲಿ. ಯಾವುದಾದರೊಂದನ್ನು ಹಿಡಿದು ಕೊನೆಯವರೆಗೂ ಅದರಲ್ಲಿಯೇ ಅಳೆಯುವುದು ಕ್ಷೇಮ. ಅಭ್ಯಾಸಕ್ಕೆ ತೇಗ ಬೇಕಾಗಿಲ್ಲ. ಸರಕು ಸಾಗಿಸಿ ಎಸೆದ ಪೈನ್ ಹಲಗೆಗಳು ಅಗ್ಗವಾಗಿ ಸಿಗುತ್ತವೆ. ಆದರೆ ವಿದೇಶದಿಂದ ಬಂದ ಹಲಗೆಯ ಮೇಲಿನ ಮುದ್ರೆಯನ್ನು ನೋಡಿಕೊಳ್ಳಬೇಕು. ‘ಎಚ್.ಟಿ.’ ಎಂದಿದ್ದರೆ ಅದು ಶಾಖದಿಂದ ಸಂಸ್ಕರಿಸಿದ್ದು, ‘ಎಂ.ಬಿ.’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಕಿದ್ದು. ಎರಡನೆಯದನ್ನು ಮನೆಯೊಳಗೆ ತರದಿರುವುದೇ ಲೇಸು.

ಇಲ್ಲಿಯವರೆಗಿನ ಕಷ್ಟಗಳನ್ನು ನಾನು ನಗುನಗುತ್ತ ಹೇಳಿದೆ. ಮುಂದಿನದನ್ನು ಹಾಗೆ ಹೇಳಲಾರೆ.

ನನ್ನ ಕಾರ್ಯಾಗಾರವೆಂದರೆ ಗಾಜು ಹಾಕಿ ಮುಚ್ಚಿದ, ಆರಡಿ ಉದ್ದದ ಬಾಲ್ಕನಿ. ಕೈಕೆಲಸ ನಿಧಾನವೆಂದು ವಿದ್ಯುತ್ ಗರಗಸವನ್ನೂ ಉಜ್ಜುವ ಯಂತ್ರವನ್ನೂ ಕೊಂಡಿದ್ದೆ. ಮೂರನೆಯ ವರ್ಷ ನನ್ನ ಪತ್ನಿಗೆ ರಾತ್ರಿ ಕೆಮ್ಮು ಹತ್ತಿತು. ಮಳೆಗಾಲದ ಶೀತವೆಂದು ಕಷಾಯ ಮಾಡಿದೆವು. ಮಳೆ ನಿಂತರೂ ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಎದೆಯಲ್ಲಿ ಸುಯ್ ಎಂಬ ಸದ್ದು ಕೇಳಿದ ವೈದ್ಯರು, “ಮನೆಯಲ್ಲಿ ಧೂಳಿನ ಕೆಲಸ ಏನಾದರೂ ನಡೆಯುತ್ತದೆಯೆ?” ಎಂದು ವಿಚಾರಿಸಿದರು. ನಾನು ಇಲ್ಲವೆನ್ನುವಷ್ಟರಲ್ಲಿ ಆಕೆ ನನ್ನ ಮುಖ ನೋಡಿದಳು. ಆ ನೋಟದ ಮುಂದೆ ಸುಳ್ಳು ಹೇಳುವುದು ಸಾಧ್ಯವಾಗಲಿಲ್ಲ. ಮೂರು ವರ್ಷ ನನ್ನ ಆರೋಗ್ಯಕ್ಕೆಂದು ನಡೆಸಿದ ಹವ್ಯಾಸದ ಧೂಳನ್ನು ಆಕೆ ದಿನಕ್ಕೆರಡು ಸಲ ಗುಡಿಸುತ್ತಿದ್ದಳು, ಉಸಿರಾಡುತ್ತಲೂ ಇದ್ದಳು.

ಗರಗಸದ ದಪ್ಪ ಹೊಟ್ಟು ಕಣ್ಣಿಗೆ ಕಾಣುತ್ತದೆ, ನೆಲಕ್ಕೆ ಬೀಳುತ್ತದೆ. ಅಪಾಯವಿರುವುದು ಉಜ್ಜುವಾಗ ಏಳುವ ನಯವಾದ ಪುಡಿಯಲ್ಲಿ. ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಆಸ್ತಮಾ ಉಳ್ಳವರಿಗೆ ಅದು ಕಂಟಕ; ಬೀಟೆ, ತೇಗಗಳ ಪುಡಿ ಕೆಲವರ ಚರ್ಮಕ್ಕೂ ಒಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ವರ್ಷಗಟ್ಟಲೆ ಅದರಲ್ಲಿಯೇ ದುಡಿದವರ ಮೂಗಿನ ರೋಗವನ್ನು ನೋಡಿ ತೆಗೆದುಕೊಂಡ ನಿರ್ಧಾರವದು. ವಾರಕ್ಕೊಮ್ಮೆ ಹಲಗೆ ಕೊಯ್ಯುವವರು ದಿಗಿಲು ಬೀಳಬೇಕಾಗಿಲ್ಲ. ಆದರೆ ಉದಾಸೀನಕ್ಕೂ ಕಾರಣವಿಲ್ಲ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಈ ಪುಡಿ ನಿಲ್ಲದು. 2020ರಲ್ಲಿ ನಾವೆಲ್ಲ ಪರಿಚಯ ಮಾಡಿಕೊಂಡ ಎನ್-95 ಮುಖಗವಸು ಬೇಕು. ಆ ಗವಸು ಕಾಪಾಡುವುದಾದರೂ ಧರಿಸಿದವನನ್ನು ಮಾತ್ರ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನಲ್ಲ. ಸದ್ದಿನ ಮಾತೂ ಹೀಗೆಯೇ: 85 ಡೆಸಿಬಲ್ ಮೀರಿದ ಶಬ್ದ ದೀರ್ಘಕಾಲ ಬಿದ್ದರೆ ಕಿವಿ ಕೆಡುತ್ತದೆ, ವಿದ್ಯುತ್ ಗರಗಸ ಅದನ್ನು ಸುಲಭವಾಗಿ ಮೀರುತ್ತದೆ. ಭಾನುವಾರ ಮಧ್ಯಾಹ್ನ ಕೆಳಮನೆಯ ಮಗು ನಿದ್ರೆಯಿಂದ ಬೆಚ್ಚಿ ಎದ್ದರೆ ಅದಕ್ಕೆ ನಾವೇ ಹೊಣೆ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎರಡು ಕೋಣೆಗಳ ಮನೆಯಲ್ಲಿ ವಿದ್ಯುತ್ ಯಂತ್ರದ ಮರಗೆಲಸಕ್ಕೆ ಜಾಗವಿಲ್ಲ. ನಾನು ಯಂತ್ರಗಳನ್ನು ಮಾರಿದೆ. ಈಗ ಕೈಗರಗಸ, ಉಳಿ, ಹತ್ತರಿ ಮಾತ್ರ. ಹತ್ತರಿಯಿಂದ ಬರುವುದು ಸುರುಳಿ ಚಕ್ಕೆ, ತೇಲುವ ಪುಡಿಯಲ್ಲ. ಕೆಲಸ ನಿಧಾನವಾಯಿತು, ಮನೆಯ ಗಾಳಿ ತಿಳಿಯಾಯಿತು. ಪತ್ನಿಯ ಕೆಮ್ಮು ಪೂರ್ತಿ ಹೋಗಿಲ್ಲ, ರಾತ್ರಿಯ ನಿದ್ರೆಯಂತೂ ಮರಳಿದೆ.

ಯಂತ್ರವೇ ಬೇಕೆನ್ನುವವರಿಗಾಗಿ ಒಂದು ಸೂಚನೆ. ನಮ್ಮ ಕನ್ನಡ ಸಂಘಗಳು ನಾಟಕಕ್ಕೆ ರಂಗಪರದೆಯನ್ನೂ ಓದಿಗೆ ಪುಸ್ತಕ ಭಂಡಾರವನ್ನೂ ಒದಗಿಸಿವೆ. ಗಾಳಿಯಾಡುವ ಒಂದು ಕೋಣೆ, ಗಟ್ಟಿಯಾದ ಒಂದು ಕೆಲಸದ ಮೇಜು, ಧೂಳು ಹೀರುವ ಒಂದು ಯಂತ್ರ — ಇಷ್ಟನ್ನು ಒದಗಿಸುವುದು ಅಸಾಧ್ಯವಲ್ಲ. ಭಾನುವಾರ ಬೆಳಗ್ಗೆ ನುರಿತ ಬಡಗಿಯೊಬ್ಬರನ್ನು ಕರೆಸಿ, ಪೂರ್ಣ ದಿನದ ಕೂಲಿ ಕೊಟ್ಟು ಕಲಿಯೋಣ. ಡ್ರಾಯರೊಂದನ್ನು ಮೂರು ಸಲ ಕೆಡಿಸಿದ ಮೇಲೆ ಬಡಗಿಯ ಕೂಲಿಯಲ್ಲಿ ಚೌಕಾಸಿ ಮಾಡಲು ನನಗಂತೂ ನಾಲಿಗೆ ಏಳುವುದಿಲ್ಲ. ದಿನವಿಡೀ ಆ ಧೂಳಿನಲ್ಲಿಯೇ ನಿಲ್ಲುವ ಅವರಿಗೂ ಒಂದು ಮುಖಗವಸು ಕೊಡುವುದು ನಮ್ಮ ಕರ್ತವ್ಯವಲ್ಲವೆ?

ಕಳೆದ ದೀಪಾವಳಿಗೆ ಹಲಸಿನ ಹಲಗೆಯಲ್ಲಿ ಒಂದು ಮಣೆ ಮಾಡಿದೆ. ಒಂದು ಮೂಲೆ ಕೊಂಚ ಮೇಲೆದ್ದಿದೆ, ಕುಳಿತರೆ ತುಸು ಅಲುಗುತ್ತದೆ. ಪತ್ನಿ ಅದರ ಮೇಲೆ ಕುಳಿತೇ ಸೊಪ್ಪು ಬಿಡಿಸುತ್ತಾಳೆ. ಮಣೆಯ ಸೊಟ್ಟವನ್ನು ಇಬ್ಬರೂ ನಗುತ್ತ ಸಹಿಸುತ್ತೇವೆ.