ಕೇಳುವವರು ಕೊಡುವುದು

ಎಂಥ ಸಭೆ ಬೇಕು ಎಂದು ಸಂಗೀತಗಾರರನ್ನು ಕೇಳಿದರೆ ಹೆಚ್ಚಿನವರು ತಿಳಿದವರ ಸಭೆ ಎನ್ನುತ್ತಾರೆ. ರಾಗ ಗುರುತಿಸುವ, ತೊಡೆಯ ಮೇಲೆ ತಾಳ ಹಾಕುವ, ಎಡುಪು ತಪ್ಪಿದರೆ ತಲೆಯೆತ್ತಿ ನೋಡುವ ಜನ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ರಾಮನವಮಿ ಕಚೇರಿಗಳಿಗೆ ದಶಕಗಳಿಂದ ಇಂಥವರು ಬರುತ್ತಿದ್ದಾರೆ. ಅವರೆದುರು ಅಪರೂಪದ ರಾಗ ಎತ್ತಿಕೊಳ್ಳಬಹುದು, ಕಷ್ಟದ ಪಲ್ಲವಿಗೆ ಕೈಹಾಕಬಹುದು. ಪಟ್ಟ ಶ್ರಮ ಅವರಿಗೆ ತಿಳಿಯುತ್ತದೆ. ಆ ಸುಖ ದೊಡ್ಡದೇ. ಆದರೆ ಅದೊಂದೇ ಸಂಗೀತದ ಫಲ, ಮಿಕ್ಕದ್ದೆಲ್ಲ ಹೊಟ್ಟೆಪಾಡು ಎಂಬ ಮಾತನ್ನು ನಾನು ಒಪ್ಪಲಾರೆ. ಎದುರಿಗೆ ಕೂತವರು ಬದಲಾದಾಗ ನುಡಿಸುವವರೊಳಗಿನಿಂದ ಹೊರಬರುವುದೂ ಬದಲಾಗುತ್ತದೆ.

ಪಿಟೀಲು ಚೌಡಯ್ಯನವರನ್ನೇ ನೋಡಿ. ಮೈಕು ಬಳಕೆಗೆ ಬಾರದ ದಿನಗಳಲ್ಲಿ ದೊಡ್ಡ ಸಭೆಯ ಹಿಂದಿನ ಸಾಲುಗಳಿಗೆ ಪಿಟೀಲಿನ ದನಿ ಮುಟ್ಟುತ್ತಿರಲಿಲ್ಲ. ಅವರು ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಜೋಡಿ ತಂತಿಗಳನ್ನು ಒಂದೇ ಬೆರಳಿನಿಂದ ಅಪಸ್ವರವಿಲ್ಲದೆ ಒತ್ತುವುದು ಸಾಮಾನ್ಯ ಸಾಧನೆಯಲ್ಲ. ಮೊದಲ ಸಾಲಿನ ಪಂಡಿತರಿಗಷ್ಟೇ ನುಡಿಸಿದ್ದರೆ ಆ ವಾದ್ಯದ ಅಗತ್ಯವೇ ಬೀಳುತ್ತಿರಲಿಲ್ಲ. ವೀಣೆಯದು ಇದಕ್ಕೆ ವಿರುದ್ಧ. ಒಮ್ಮೆ ಮೀಟಿ, ಎಡಗೈಯಲ್ಲಿ ತಂತಿಯನ್ನು ಎಳೆದಾಗ ಕ್ಷೀಣಿಸುತ್ತಲೇ ತಿರುಗುವ ಆ ಗಮಕ ಹತ್ತಿರ ಕೂತವರಿಗೆ ಮಾತ್ರ ದಕ್ಕುತ್ತದೆ. ಮನೆಯ ಪಡಸಾಲೆಯಲ್ಲಿ ಮೂರೇ ಜನರಿಗೆ ನುಡಿಸುವ ವೈಣಿಕರಿಗೆ, ಸಾವಿರ ಜನರ ಸಭೆಯಲ್ಲಿ ಬಿಡಲೇಬೇಕಾದ ಸೂಕ್ಷ್ಮವೊಂದು ಮರಳಿ ಸಿಗುತ್ತದೆ.

ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ರೈತರೂ ಬಂದು ಕೂರುತ್ತಾರೆ. ನಗರದ ಸಭಾಂಗಣಗಳು ರಾತ್ರಿ ಹತ್ತರೊಳಗೆ ಬಾಗಿಲು ಹಾಕುವುದರಿಂದ ಲಲಿತ, ಭಟಿಯಾರದಂಥ ಬೆಳಗಿನ ಜಾವದ ರಾಗಗಳನ್ನು ಅವುಗಳ ವೇಳೆಗೇ ಹಾಡುವ ಯೋಗ ವಿರಳ. ಕುಂದಗೋಳದವರು ಬೆಳಕು ಹರಿಯುವ ತನಕ ಏಳದೆ ಕೂತು ಆ ವೇಳೆಯನ್ನೇ ಗಾಯಕರಿಗೆ ಕೊಡುತ್ತಾರೆ. ರಾಗದ ಹೆಸರು ತಿಳಿಯದವರೂ ಅವರಲ್ಲಿರಬಹುದು. ಇಂಥ ಕೊಡುಗೆಗೆ ಆ ತಿಳಿವಳಿಕೆ ಬೇಕಾಗಿಯೂ ಇಲ್ಲ.

ಇನ್ನು ಮದುವೆಮನೆ. ಓಲಗದವರನ್ನು ಮೂಲೆಯಲ್ಲಿ ಕೂರಿಸಿ, ಊಟದ ಕೊನೆಯ ಪಂಕ್ತಿಗೆ ಕರೆಯುವ ರೂಢಿ ನಾಚಿಕೆಗೇಡಿನದು. ಅದನ್ನು ಯಾವ ತತ್ತ್ವದಿಂದಲೂ ಸಮರ್ಥಿಸಬಾರದು. ಆದರೂ ಅಲ್ಲಿನ ನುಡಿಸಾಣಿಕೆ ಬರೀ ಸಂಪಾದನೆಗೆಂದು ನಾನು ಹೇಳಲಾರೆ. ಯಾರೂ ಗಮನಿಸದ ಬೆಳಗಿನ ಹೊತ್ತಿನಲ್ಲಿ ನಾಗಸ್ವರದವರು ರಾಗವನ್ನು ಮನಸ್ಸು ಬಂದಷ್ಟು ಬೆಳೆಸಬಹುದು, ತಡವರಿಸಬಹುದು, ಮತ್ತೆ ಹುಡುಕಬಹುದು. ವಿದ್ವಾಂಸರ ಕಣ್ಣೆದುರು ಇಷ್ಟು ಸಲುಗೆ ಎಲ್ಲಿ? ಅಷ್ಟರಲ್ಲಿ ಪುರೋಹಿತರು ಕೈ ಎತ್ತುತ್ತಾರೆ. ರಾಗ ಎಲ್ಲಿಗೇ ಬಂದಿರಲಿ, ಅಲ್ಲೇ ಬಿಟ್ಟು ಗಟ್ಟಿಮೇಳಕ್ಕೆ ಹಾರಬೇಕು, ಡೋಲು ಅಬ್ಬರಿಸಬೇಕು. ಆ ನಿಮಿಷದಲ್ಲಿ ಸಂಗೀತಕ್ಕೆ ಸಿಗುವ ಸ್ಥಾನ ಯಾವ ಸಭೆಯಲ್ಲೂ ಇಲ್ಲ: ಕಚೇರಿಯಲ್ಲಿ ಅದು ಕೇಳುವ ವಸ್ತು, ಇಲ್ಲಿ ತಾಳಿ ಕಟ್ಟುವ ಕ್ರಿಯೆಯದೇ ಒಂದು ಭಾಗ. ಓಲಗ ಕೇಳದಿದ್ದ ನೂರಾರು ಜನ ಗಟ್ಟಿಮೇಳ ಕೇಳಿದೊಡನೆ ಅಕ್ಷತೆ ಎತ್ತುತ್ತಾರೆ.

ವೇದಿಕೆಯ ಮೇಲೂ ಕೇಳುಗರಿದ್ದಾರೆ ಎಂಬುದನ್ನು ಮರೆಯುತ್ತೇವೆ. ಹಾಡುವವರು ಬಿಟ್ಟ ಸಂಗತಿಯನ್ನು ಪಿಟೀಲಿನವರು ಹಿಡಿದು ಮುಂದುವರಿಸಿದಾಗ, ತನಿ ಆವರ್ತನದ ಮುಕ್ತಾಯ ಕರಾರುವಾಕ್ಕಾಗಿ ಕೂಡಿದಾಗ, ಪಕ್ಕದಿಂದ ಬರುವ ಒಂದು 'ಭೇಷ್' ಕೆಳಗಿನ ಚಪ್ಪಾಳೆಗಿಂತ ಹೆಚ್ಚು ದಿನ ಉಳಿಯುತ್ತದೆ.

ಹೀಗಿರುವಾಗ ನಮ್ಮ ಮಕ್ಕಳಿಗೆ ಎಷ್ಟು ಬಗೆಯ ಕೇಳುಗರನ್ನು ಒದಗಿಸುತ್ತಿದ್ದೇವೆ? ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆ ಕಟ್ಟುತ್ತಾ ಹೋಗುವ ಮಗುವಿಗೆ ಮೊದಲ ಕೇಳುಗ ಅಂಕ ಹಾಕುವ ಪರೀಕ್ಷಕ, ಎರಡನೆಯವರು ಸ್ಪರ್ಧೆಯ ತೀರ್ಪುಗಾರರು. ತಪ್ಪು ಹುಡುಕುವವರ ಎದುರೇ ಬೆಳೆದ ಮಗು ತಪ್ಪದಿರುವುದನ್ನಷ್ಟೇ ಕಲಿಯುತ್ತದೆ. ಪಾಠದ ನಡುವೆಯೇ ಗುರುಗಳು ಶಿಷ್ಯರನ್ನು ಊರಿನ ಭಜನಾ ಮಂದಿರಕ್ಕೆ, ವೃದ್ಧಾಶ್ರಮಕ್ಕೆ ಕರೆದೊಯ್ಯಬೇಕು. ಅಲ್ಲಿ ಅಜ್ಜಿಯೊಬ್ಬರು ತಮ್ಮ ಕಾಲದ ದೇವರನಾಮವೊಂದನ್ನು ಅರ್ಧ ನೆನಪಿನಲ್ಲಿ ಗುನುಗಿ "ಇದು ಬರತ್ತೇನಪ್ಪ?" ಎಂದು ಕೇಳಿದರೆ, ಹುಡುಗ ಅವರ ಶ್ರುತಿಗೆ ಇಳಿದು, ಬೆರಳಿನಲ್ಲಿ ಹುಡುಕುತ್ತಾ, ಅವರ ಜೊತೆಗೇ ನುಡಿಸಲು ಕಲಿಯಲಿ.