ಇದೂ ಫರ್ಝ್ ಕಿಫಾಯವೇ

ನಿಮ್ಮ ಮೊಹಲ್ಲಾದಲ್ಲಿ ಒಂದು ಮರಣವಾದರೆ ಯಾರನ್ನೂ ಕರೆಯಬೇಕಾಗಿಲ್ಲ. ಮಯ್ಯಿತ್ ಸ್ನಾನ ಮಾಡಿಸುವವರು, ಕಫನ್ ಕತ್ತರಿಸುವವರು, ಅನ್ನ ಬೇಯಿಸಿ ಕಳಿಸುವವರು ತಾವಾಗಿಯೇ ಬರುತ್ತಾರೆ. ಮಯ್ಯಿತ್ ಪರಿಪಾಲನೆ ಫರ್ಝ್ ಕಿಫಾಯ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳಾಗುತ್ತಾರೆ. ಆದರೆ ಸಹೋದರಿಯರೇ, ಅದೇ ಬೀದಿಯಲ್ಲಿ ಹೆರಿಗೆಯಾಗಿ ಎರಡು ತಿಂಗಳಾದರೂ ಮಗುವನ್ನು ಎತ್ತಿಕೊಳ್ಳದೆ ಗೋಡೆ ನೋಡುತ್ತಾ ಮಲಗಿರುವ ಬಾಣಂತಿಯ ಮನೆಗೆ ಎಷ್ಟು ಮಂದಿ ಹೋಗುತ್ತೇವೆ? ಹೋದರೂ ಈಮಾನ್ ಕಡಿಮೆಯಾಗಿದೆ ಎಂದೋ, ಗಾಳಿ ಸೋಕಿದೆ ಎಂದೋ ಹೇಳಿ ಬರುತ್ತೇವೆ.

ಶರೀಅತ್ ರಕ್ಷಿಸಬಯಸುವ ಐದು ವಿಷಯಗಳಲ್ಲಿ ಬುದ್ಧಿಯನ್ನೂ ಇಮಾಮ್ ಗಝಾಲಿ ಎಣಿಸಿದ್ದಾರೆ. ಮದ್ರಸಗಳಲ್ಲಿ ಇದನ್ನು ಕಲಿಸುವಾಗ ಮದ್ಯ ನಿಷೇಧದ ಉದಾಹರಣೆ ಕೊಟ್ಟು ಮುಂದಿನ ಪಾಠಕ್ಕೆ ಹೋಗುವುದೇ ರೂಢಿ. ಕೆಡದಂತೆ ಕಾಯಬೇಕಾದ ಬುದ್ಧಿ ಕಾಯಿಲೆ ಬಿದ್ದಾಗ ಅದಕ್ಕೆ ಚಿಕಿತ್ಸೆ ಬೇಡವೇ? ಬುದ್ಧಿ ಕಳೆದುಕೊಂಡವರಿಂದ, ಅದು ಮರಳುವವರೆಗೆ, ಕರ್ಮಗಳನ್ನು ದಾಖಲಿಸುವ ಲೇಖನಿಯನ್ನು ಎತ್ತಲಾಗಿದೆ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಲೇಖನಿ ಎತ್ತಿದ್ದು ರೋಗಿಯಿಂದ ಮಾತ್ರ, ಅವರ ಸುತ್ತಲಿರುವ ನಮ್ಮಿಂದಲ್ಲ.

ರಮಝಾನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್‌ಬಕರ ಅಧ್ಯಾಯದಲ್ಲಿ ಅಲ್ಲಾಹನು ರೋಗಿಗಳಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಕೊಟ್ಟಿದ್ದಾನೆ. ಅದು ದೇಹದ ರೋಗಕ್ಕೆ ಮಾತ್ರ ಎಂದು ಅಲ್ಲಿ ಹೇಳಿಲ್ಲ. ಆದರೂ ಮನೋರೋಗದ ಮಾತ್ರೆಯನ್ನು ಮೊದಲ ಉಪವಾಸದಂದೇ ನಿಲ್ಲಿಸಿ ಈದ್ ಹೊತ್ತಿಗೆ ರೋಗ ಮರುಕಳಿಸುವ ಮನೆಗಳಿವೆ. ಲಿಥಿಯಂ ಸೇವಿಸುವವರಲ್ಲಂತೂ ನೀರಿನಂಶ ಕಡಿಮೆಯಾದರೆ ಆ ಔಷಧಿಯೇ ವಿಷವಾಗಬಹುದು. ಇಫ್ತಾರ್ ಮತ್ತು ಸಹರಿಗೆ ಮಾತ್ರೆಯನ್ನು ಹೊಂದಿಸಬಹುದೇ ಎಂದು ರಮಝಾನಿಗೆ ಮೊದಲೇ ವೈದ್ಯರನ್ನು ಕೇಳಿ. ಆಗದು ಎಂದರೆ ಉಪವಾಸ ಬಿಡಲು ಅಂಜಬೇಡಿ. ಅತ್ತೆಯಂದಿರೂ ಇದನ್ನು ಓದಲಿ.

ತಮಿಳುನಾಡಿನ ಏರವಾಡಿ ದರ್ಗಾದ ಊರಿನಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾಗದೆ, 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದವರಲ್ಲಿ ಎಲ್ಲ ಧರ್ಮದವರೂ ಇದ್ದರು. ಹೆಚ್ಚಿನವರು ಕ್ರೂರಿಗಳೇನಲ್ಲ, ಊರಿನಲ್ಲಿ ಬೇರೆ ದಾರಿ ಕಾಣದವರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಹಾನಿ ಮಾಡಬಾರದು ಎಂಬ ಫಿಕ್‌ಹ್‌ನ ನಿಯಮವಂತೂ ನಮ್ಮಲ್ಲಿ ಮೊದಲೇ ಇತ್ತು.

ದಾರಿ ದೂರವೇನಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಈ ಚಿಕಿತ್ಸೆಯ ತರಬೇತಿ ಕೊಟ್ಟರು. 1996ರ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಟೆಲಿಮಾನಸ್‌ನ 14416ಕ್ಕೆ ಹಣ ಕೊಡದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬಡ ರೋಗಿಯ ಮಾತ್ರೆ, ಬಸ್ಸಿನ ಖರ್ಚಿಗೆ ಝಕಾತ್ ಕೊಡಬಹುದು. ಆಸ್ಪತ್ರೆಗೆ ಹೋಗುವ ದಿನ ಆ ಬಾಣಂತಿಯ ಮಗುವನ್ನು ನೋಡಿಕೊಳ್ಳಲು ನಿಮ್ಮಲ್ಲಿ ಒಬ್ಬರು ಬೇಕು.